30 ಸೆಕೆಂಡಿನ ಕಸುವು: ಹುಡುಗರದ್ದೂ ಹುಡುಗಿಯರದ್ದೂ ಮೈದಾನದಲ್ಲೇ ಅಳೆದು ಬೆಳೆಸುವ ಬಗೆ

ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ಹೆಂಗಸರ ಅಂಕಣ 12×8 ಮೀಟರ್, ಗಂಡಸರದು 13×10. ಆದರೆ ರೈಡಿನ ಹೊತ್ತು ಮಾತ್ರ ಇಬ್ಬರಿಗೂ ಅಷ್ಟೇ. ಆ 30 ಸೆಕೆಂಡು ಪೂರ್ತಿ ಜೋರಿನಲ್ಲಿ ಆಡಿದರೆ, ಮೈಗೆ ಬೇಕಾದ ಶಕ್ತಿಯ ಬಹುಪಾಲು ಎಳೆದುಕೊಂಡ ಉಸಿರಿನಿಂದ ಬರುವುದಿಲ್ಲ, ಸ್ನಾಯುವಿನಲ್ಲಿ ಆಗಲೇ ಇಟ್ಟುಕೊಂಡ ದಾಸ್ತಾನಿನಿಂದ ಬರುತ್ತದೆ. ಆಮ್ಲಜನಕಕ್ಕೆ ಕಾಯದೆ ಮಾಡುವ ಈ ಕೆಲಸಕ್ಕೇ ಅನೇರೋಬಿಕ್ ಅನ್ನುವುದು.

ಮಂಡ್ಯದ ಕಾಲೇಜೊಂದರ ಮೈದಾನದಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೇ ಕಬಡ್ಡಿ ಹೇಳಿಕೊಡುವ ಮೇಷ್ಟ್ರು ನಾನು. ಶುರುವಿನಲ್ಲಿ ನಾನು ಮಾಡುತ್ತಿದ್ದ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಡುಗರಿಗೆ ಎಂಟು ಓಟ ಓಡಿಸುತ್ತಿದ್ದೆ, ಹುಡುಗಿಯರಿಗೆ ನಾಲ್ಕು. ಯಾಕೆಂದರೆ ‘ಪಾಪ’. ಒಂದು ದಿನ ಪಾಂಡವಪುರದ ಕಡೆಯ ಹುಡುಗಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟುಕೊಂಡು, “ಸಾ, ನಮ್ಗಿನ್ನೂ ಸುಸ್ತೇ ಆಗಿಲ್ಲ. ಅವ್ರ್ ನೋಡಿ, ಆಗ್ಲೇ ಮಲ್ಕಂಡವ್ರೆ” ಅಂದಳು. ತಿರುಗಿ ನೋಡಿದರೆ ನಿಜ. ನಮ್ಮ ಪೈಲ್ವಾನರೆಲ್ಲ ಬೇವಿನ ಮರದಡಿ ಅಂಗಾತ ಬಿದ್ದಿದ್ದರು. ಅವತ್ತಿನಿಂದ ಕರುಣೆ ಬಿಟ್ಟು ಟೇಪು ಹಿಡಿದೆ. ಹಾಗೆ ಅಳೆದು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಲೆಯ ವಿಷಯ

ಹಂಡೆ ಒಲೆ ಉರಿಸಿದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ತೆಂಗಿನ ಗರಿ ತುರುಕಿದರೆ ಭಗ್ಗನೆ ಹತ್ತಿ ಅಷ್ಟೇ ಬೇಗ ಬೂದಿ. ಚಿಪ್ಪು ಹಾಕಿದರೆ ಉರಿ ಜೋರು, ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ, ಆದರೆ ಹೊಗೆಯೂ ಜೋರು. ಕೊರಡು ಹತ್ತುವುದು ನಿಧಾನ, ಹತ್ತಿದ ಮೇಲೆ ಬೆಳಗಿನವರೆಗೂ ಕೆಂಡ. ಸ್ನಾಯುವಿನಲ್ಲಿ ಗರಿಯ ಜಾಗದಲ್ಲಿರುವುದು ಫಾಸ್ಫೋಕ್ರಿಯಾಟಿನ್. ಪೂರ್ತಿ ಜೋರಿನಲ್ಲಿ ಸುಮಾರು 10 ಸೆಕೆಂಡಿಗೆ ಅದರ ಆಟ ಮುಗಿಯುತ್ತದೆ. ಚಿಪ್ಪು ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ಅನ್ನು ಆಮ್ಲಜನಕವಿಲ್ಲದೆ ಒಡೆಯುವುದು, ಒಂದೆರಡು ನಿಮಿಷದ ಮಾತು. ಅದರ ಹೊಗೆ ಅಂದರೆ, ಹಾಗೆ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಏರುವಾಗ ಜೊತೆಗೇ ಸ್ನಾಯುವಿನಲ್ಲಿ ಸೇರುವ ಆಮ್ಲೀಯತೆ. “ಕಾಲು ಕಟ್ಕೊಂಡ್ತು ಸಾ” ಅನ್ನುವುದು ಈ ಹೊತ್ತಿನಲ್ಲೇ. ಕೊರಡು ಅಂದರೆ ಉಸಿರಿನ ಬಲ. ಮೂರೂ ಒಟ್ಟಿಗೇ ಹತ್ತಿಕೊಳ್ಳುತ್ತವೆ, ಯಾವ ಹೊತ್ತಿನಲ್ಲಿ ಯಾವುದರ ಉರಿ ಮುಂದೆ ಅನ್ನುವುದಷ್ಟೇ ಬದಲಾಗುತ್ತದೆ.

ಒಂದು ಮಾತು ನೆನಪಿರಲಿ. ಒಂದು ಕೆ.ಜಿ. ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಗಂಡಿಗೂ ಹೆಣ್ಣಿಗೂ ಹೆಚ್ಚುಕಡಿಮೆ ಒಂದೇ. ಗರಿ ಅದೇ ಗರಿ. ಒಲೆಯ ಗಾತ್ರ ಬೇರೆ.

ಇದನ್ನು ಕೇಳಿದ ತಕ್ಷಣ ಯಾರಾದರೊಬ್ಬರು “ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿಸಿಬಿಡಿ ಸಾ, ಗೊತ್ತಾಯ್ತದೆ” ಅನ್ನುತ್ತಾರೆ. ಗೊತ್ತಾಗುವುದಿಲ್ಲ. ಸಾವಿರ ಮೆಟ್ಟಿಲು ಹತ್ತುವುದು ಹತ್ತಾರು ನಿಮಿಷದ ಕೆಲಸ, ಅದು ಕೊರಡಿನ ಪರೀಕ್ಷೆ. ಬೆಟ್ಟ ಹತ್ತಿ, ಪುಣ್ಯ ಬರುತ್ತದೆ. ಈ ಲೆಕ್ಕ ಮಾತ್ರ ಸಿಕ್ಕುವುದಿಲ್ಲ.

ಯಾರು ಮಾಡಬಾರದು

ಎದೆನೋವು, ಓಡುವಾಗ ತಲೆಸುತ್ತು, ಬಿ.ಪಿ., ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಬಾಣಂತನ ಮುಗಿಸಿ ಈಗಷ್ಟೇ ಮೈದಾನಕ್ಕೆ ಬರುತ್ತಿರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬೇಡಿ. ಜ್ವರ ಬಿಟ್ಟು ವಾರವಾಗಿಲ್ಲವೆಂದರೂ ಬೇಡ. ನಲವತ್ತು ದಾಟಿ ಬಹುದಿನದಿಂದ ಓಡದವರು ಮೊದಲು ಒಂದೆರಡು ತಿಂಗಳು ನಡೆದು, ಓಡಿ, ಆಮೇಲೆ ಬನ್ನಿ.

ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಮಧ್ಯಾಹ್ನ ಎರಡು ಮುದ್ದೆ ಇಳಿಸಿ ಮೂರು ಗಂಟೆಗೆ ಓಡಲು ಬಂದವನೊಬ್ಬ ನಾಲ್ಕನೆಯ ಓಟಕ್ಕೇ ಕಾಂಪೌಂಡು ಹುಡುಕಿಕೊಂಡು ಹೋದ. ಬಸ್ಸಾರಿನ ಸಮೇತ ಎಲ್ಲ ಹೊರಗೆ ಬಂತು.

ಹೆಜ್ಜೆ 1: ತೂಕ, ಆಮೇಲೆ ಕೊಬ್ಬು ಕಳೆದ ತೂಕ

ಬೇಕಾದ ಸಾಮಾನು ಕಡಿಮೆ: ತೂಕದ ಯಂತ್ರ, 50 ಮೀಟರ್ ಟೇಪು, ಸೀಮೆಸುಣ್ಣ, ನಾಲ್ಕು ಕೋನು, ವಿಡಿಯೊ ತೆಗೆಯುವ ಫೋನು, ಒಂದು ಪುಸ್ತಕ.

ಬೂಟು ಬಿಚ್ಚಿ, ಆಟದ ಬಟ್ಟೆಯಲ್ಲೇ ತೂಕ ನೋಡಿ ಬರೆದಿಡಿ. ಹುಡುಗಿಯರ ತೂಕವನ್ನು ಎಲ್ಲರೆದುರು ಕೂಗಿ ಹೇಳಬೇಡಿ, ಅವರೇ ಹೋಗಿ ನೋಡಿ ಬರೆದುಕೊಳ್ಳಲಿ. ಹುಡುಗರದೂ ಅಷ್ಟೇ. ಸಣಕಲ ಅನ್ನಿಸಿಕೊಳ್ಳುವುದಕ್ಕೆ ಅವರಿಗೂ ಸಂಕಟ.

ಮೈಕೊಬ್ಬಿನ ಪ್ರಮಾಣ ತಿಳಿಯಲು ಚರ್ಮ ಚಿವುಟಿ ಅಳೆಯುವ ಕ್ಯಾಲಿಪರ್ ಒಳ್ಳೆಯದು, ಆದರೆ ಅದನ್ನು ಪ್ರತಿಸಲವೂ ಒಬ್ಬರೇ ಹಿಡಿಯಬೇಕು. ಹುಡುಗಿಯರಿಗೆ ಹೆಂಗಸರೇ ಅಳೆಯಲಿ. ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಕೊಬ್ಬು ಹೇಳುವ ಯಂತ್ರ ಎರಡು ಲೋಟ ನೀರು ಕುಡಿದು ನಿಂತರೂ ಅಂಕಿ ಬದಲಾಯಿಸುತ್ತದೆ. ಬೇರೆ ಗತಿಯಿಲ್ಲದಿದ್ದರೆ ಅದನ್ನೇ ಬಳಸಿ, ಯಂತ್ರವನ್ನೂ ಹೊತ್ತನ್ನೂ ಮಾತ್ರ ಬದಲಾಯಿಸಬೇಡಿ. ತೂಕದಲ್ಲಿ ಕೊಬ್ಬಿನ ಪಾಲು ಕಳೆದರೆ ಉಳಿಯುವುದೇ ನಮಗೆ ಬೇಕಾದ ಎರಡನೆಯ ಅಂಕಿ.

ಹೆಜ್ಜೆ 2: ಗೋಡೆ ಜಿಗಿತ

ಇದು ಗರಿಯ ಪರೀಕ್ಷೆ. ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ಸಣ್ಣ ಓಟ, ಬಸ್ಕಿ, ಮೂರು ನಾಲ್ಕು ಅರೆಜೋರಿನ ಓಟ. ಬೆರಳ ತುದಿಗೆ ಸುಣ್ಣ ಮೆತ್ತಿಕೊಂಡು ಗೋಡೆಗೆ ಪಕ್ಕ ಕೊಟ್ಟು ನಿಂತು, ಹಿಮ್ಮಡಿ ಎತ್ತದೆ ಕೈ ಚಾಚಿ ಒಂದು ಗುರುತು ಹಾಕಿ. ಮಂಡಿ ಬಗ್ಗಿಸಿ, ಓಡಿಬರದೆ, ನಿಂತಲ್ಲಿಂದಲೇ ಎಗರಿ ಇನ್ನೊಂದು ಗುರುತು. ನಡುವಿನ ಸೆಂಟಿಮೀಟರೇ ಜಿಗಿತ. ಮೂರು ಸಲ, ನಡುವೆ ಒಂದು ನಿಮಿಷ ಬಿಡುವು, ಅದರಲ್ಲಿ ಒಳ್ಳೆಯದನ್ನು ಬರೆದುಕೊಳ್ಳಿ.

ಲೆಕ್ಕ ಹೀಗೆ: ಜಿಗಿತದ ಸೆಂಟಿಮೀಟರನ್ನು 60.7ರಿಂದ ಗುಣಿಸಿ, ತೂಕದ ಕೆ.ಜಿ.ಯನ್ನು 45.3ರಿಂದ ಗುಣಿಸಿ, ಎರಡನ್ನೂ ಕೂಡಿ 2055 ಕಳೆಯಿರಿ. ಸಿಕ್ಕಿದ್ದು ವಾಟ್ ಲೆಕ್ಕದಲ್ಲಿ ಗರಿಷ್ಠ ಕಸುವು. 1999ರಲ್ಲಿ ಸೇಯರ್ಸ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಇದು. ನನ್ನದೊಂದು ತಕರಾರಿದೆ: ಇದು ತೂಕಕ್ಕೆ ಉದಾರವಾಗಿ ಅಂಕ ಕೊಡುತ್ತದೆ. ದಪ್ಪಗಿರುವವನು ಕಡಿಮೆ ಎಗರಿದರೂ ವಾಟ್ ಹೆಚ್ಚು ಬರುತ್ತದೆ. ಹಾಗಾಗಿ ವಾಟ್ ಪಕ್ಕದಲ್ಲೇ ಸೆಂಟಿಮೀಟರನ್ನೂ ಬರೆದಿಡಿ.

ಹೆಜ್ಜೆ 3: ಆರು ಓಟ

ಇದರಲ್ಲಿ ಗರಿ, ಚಿಪ್ಪು, ಹೊಗೆ ಎಲ್ಲವೂ ಬಯಲಾಗುತ್ತದೆ. 35 ಮೀಟರ್ ಅಳೆದು ಎರಡೂ ತುದಿಗೆ ಕೋನು ಇಡಿ. ಪೂರ್ತಿ ಜೋರಿನಲ್ಲಿ ಓಡಬೇಕು, 10 ಸೆಕೆಂಡು ಬಿಡುವು, ಮತ್ತೆ ಆ ತುದಿಯಿಂದ ಈ ತುದಿಗೆ. ಹೀಗೆ ಆರು. ರಾಸ್ಟ್ ಅಂತ ಕರೆಯುವ ಈ ಪರೀಕ್ಷೆ, ಪ್ರಯೋಗಾಲಯದ ಸೈಕಲ್ ಪರೀಕ್ಷೆ ಸಿಗದವರ ಪಾಲಿಗೆ ವರ. ಆ ಸೈಕಲ್ ಪರೀಕ್ಷೆಯ ಹೆಸರು ವಿಂಗೇಟ್. 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ಬೆಳೆದದ್ದು. ಮೈತೂಕದ ನೂರಕ್ಕೆ 7.5ರಷ್ಟು ಭಾರ ಹೇರಿ 30 ಸೆಕೆಂಡು ಜೀವ ಬಿಟ್ಟು ಪೆಡಲ್ ತುಳಿಸುತ್ತಾರೆ. ಸರಿಯಾಗಿ ಒಂದು ರೈಡಿನಷ್ಟೇ ಹೊತ್ತು ಅನ್ನುವುದು ನನಗೆ ಭಾರಿ ಖುಷಿ ಕೊಟ್ಟ ಕಾಕತಾಳೀಯ.

ಓಟದ ಕಸುವು ಹೀಗೆ: ತೂಕವನ್ನು 1225ರಿಂದ (35×35) ಗುಣಿಸಿ, ಸಮಯವನ್ನು ಅದರಿಂದಲೇ ಮೂರು ಸಲ ಗುಣಿಸಿದ ಅಂಕಿಯಿಂದ (ಸಮಯ×ಸಮಯ×ಸಮಯ) ಭಾಗಿಸಿ.

ಸಮಯ ಮೂರು ಸಲ ಗುಣಿಸಿಕೊಳ್ಳುತ್ತದೆ ಅನ್ನುವುದೇ ಇಲ್ಲಿಯ ಅಪಾಯ. 70 ಕೆ.ಜಿ. ಹುಡುಗ 5.2 ಸೆಕೆಂಡಿಗೆ ಓಡಿದರೆ 610 ವಾಟ್. ಸ್ಟಾಪ್‌ವಾಚ್ ಒತ್ತುವವನ ಹೆಬ್ಬೆರಳು ಸೆಕೆಂಡಿನ ಹತ್ತನೇ ಒಂದರಷ್ಟು ತಡವಾಗಿ 5.3 ಆದರೆ 576. ಒಂದು ಬೆರಳಿನ ಸೋಮಾರಿತನಕ್ಕೆ 34 ವಾಟ್ ಹೋಯಿತು! ಅದಕ್ಕೇ ನಾನು ಸ್ಟಾಪ್‌ವಾಚನ್ನು ಬಿಡುವು ಎಣಿಸಲು ಮಾತ್ರ ಬಳಸುತ್ತೇನೆ. ಫೋನನ್ನು ಪಕ್ಕದಲ್ಲಿ, ಎರಡೂ ಗೆರೆ ಕಾಣುವಷ್ಟು ದೂರದಲ್ಲಿ ಸ್ಟ್ಯಾಂಡಿಗೆ ಕಟ್ಟಿ, ವಿಡಿಯೊ ತೆಗೆದು, ಎದೆ ಗೆರೆ ದಾಟಿದ ಚಿತ್ರ ನೋಡಿ ಸಮಯ ಬರೆದುಕೊಳ್ಳುತ್ತೇನೆ.

ಇನ್ನೊಂದು ಕಳ್ಳಾಟ ತಡೆಯಬೇಕು. ಆರು ಓಟ ಇದೆ ಅಂತ ಗೊತ್ತಿದ್ದರೆ ಎಲ್ಲರೂ ಮೊದಲನೆಯದರಲ್ಲಿ ಸ್ವಲ್ಪ ಉಳಿಸಿಕೊಳ್ಳುತ್ತಾರೆ. ಹಿಂದಿನ ದಿನವೇ ಒಂದೇ ಒಂದು 35 ಮೀಟರ್ ಓಡಿಸಿ ಸಮಯ ಬರೆದಿಟ್ಟುಕೊಳ್ಳಿ. ಮರುದಿನದ ಮೊದಲ ಓಟ ಅದಕ್ಕಿಂತ ನೂರಕ್ಕೆ ಐದಕ್ಕೂ ಹೆಚ್ಚು ನಿಧಾನವಾದರೆ ಅಲ್ಲಿಗೇ ನಿಲ್ಲಿಸಿ, ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಶುರುಮಾಡಿ.

ಹೆಜ್ಜೆ 4: ಯಾವುದರಿಂದ ಭಾಗಿಸುತ್ತೀರಿ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಲೆಕ್ಕ ಸುಲಭವಾಗಲಿ ಅಂತ ಇಬ್ಬರನ್ನು ನಾನೇ ಸೃಷ್ಟಿಸುತ್ತೇನೆ. ಹುಡುಗ 70 ಕೆ.ಜಿ., ಕೊಬ್ಬು ನೂರಕ್ಕೆ 18, ಜಿಗಿತ 45 ಸೆಂ.ಮೀ. ಹುಡುಗಿ 55 ಕೆ.ಜಿ., ಕೊಬ್ಬು ನೂರಕ್ಕೆ 28, ಜಿಗಿತ 32 ಸೆಂ.ಮೀ.

ಸೂತ್ರಕ್ಕೆ ಹಾಕಿದರೆ ಹುಡುಗನದು 3848 ವಾಟ್, ಹುಡುಗಿಯದು 2379. ಅಂದರೆ ಅವನ ನೂರಕ್ಕೆ ಅವಳದು 62.
ಮೈತೂಕದಿಂದ ಭಾಗಿಸಿ: ಕೆ.ಜಿ.ಗೆ 55 ಮತ್ತು 43.3. ಈಗ ಅವನ ನೂರಕ್ಕೆ ಅವಳದು 79.
ಕೊಬ್ಬು ಕಳೆದ ತೂಕದಿಂದ (57.4 ಮತ್ತು 39.6 ಕೆ.ಜಿ.) ಭಾಗಿಸಿ: 67 ಮತ್ತು 60. ಈಗ ನೂರಕ್ಕೆ 90.

ಅದೇ ಹುಡುಗ, ಅದೇ ಹುಡುಗಿ, ಅದೇ ಜಿಗಿತ. 38ರ ಅಂತರ 10ಕ್ಕೆ ಇಳಿಯಿತು. ಅಂಕಿ ನಾನು ಹಾಕಿದ್ದೇ ಆದರೂ ಸಂಶೋಧನೆಗಳಲ್ಲಿ ಕಾಣುವ ನಡೆಯೂ ಇದೇ: ಒಟ್ಟು ಕಸುವಿನಲ್ಲಿ ದೊಡ್ಡ ಅಂತರ, ಮೈತೂಕಕ್ಕೆ ಭಾಗಿಸಿದರೆ ಸಣ್ಣದು, ಸ್ನಾಯುವಿನ ಹತ್ತಿರ ಹೋದಷ್ಟೂ ಇನ್ನೂ ಸಣ್ಣದು. ಅನೇಕ ಅಧ್ಯಯನಗಳಲ್ಲಿ ಪೂರ್ತಿ ಸೊನ್ನೆ ಆಗುವುದಿಲ್ಲ. ಅದನ್ನೂ ಮುಚ್ಚಿಡಬಾರದು.

ಹಾಗಾದರೆ ಯಾವುದು ಸರಿ? ಪ್ರಶ್ನೆ ಯಾವುದು ಅನ್ನುವುದರ ಮೇಲಿದೆ. ಎದುರಾಳಿಯನ್ನು ಹಿಡಿದು ಹೊರಗೆ ತಳ್ಳಬೇಕಾದರೆ ಒಟ್ಟು ವಾಟ್ ನೋಡಿ, ನೂಕುವಾಗ ಯಾರೂ ಭಾಗಾಕಾರ ಮಾಡಿಕೊಂಡು ನಿಲ್ಲುವುದಿಲ್ಲ. ತನ್ನ ಮೈಯನ್ನೇ ಹೊತ್ತು ಓಡಬೇಕಾದರೆ, ಎಗರಬೇಕಾದರೆ ಕೆ.ಜಿ. ಲೆಕ್ಕ ನೋಡಿ. ಸ್ನಾಯು ಎಷ್ಟು ಚುರುಕಾಗಿದೆ, ತರಬೇತಿ ಹತ್ತಿದೆಯೇ ಅಂತ ತಿಳಿಯಬೇಕಾದರೆ ಕೊನೆಯದು.

ಈಗ ಅದೇ ಇಬ್ಬರ ಆರು ಓಟ. ಹುಡುಗ: 5.2, 5.4, 5.6, 5.9, 6.1, 6.3. ಹುಡುಗಿ: 5.9, 6.0, 6.1, 6.3, 6.4, 6.5. ಹುಡುಗನ ಕಸುವು 610 ವಾಟ್‌ನಿಂದ 343ಕ್ಕೆ ಕುಸಿಯಿತು, ನೂರಕ್ಕೆ 44ರಷ್ಟು. ಹುಡುಗಿಯದು 328ರಿಂದ 245ಕ್ಕೆ, ನೂರಕ್ಕೆ 25. ಮೊದಲ ಓಟದಲ್ಲಿ ಅವನ ನೂರಕ್ಕೆ ಅವಳದು 54 ಇದ್ದದ್ದು, ಆರೂ ಓಟದ ಸರಾಸರಿ ತೆಗೆದರೆ (463 ಮತ್ತು 285) 61 ಆಗುತ್ತದೆ. ಕೊನೆಯ ಓಟದಲ್ಲಂತೂ ಇಬ್ಬರ ನಡುವೆ ಉಳಿದದ್ದು ಸೆಕೆಂಡಿನ ಹತ್ತನೇ ಎರಡು ಭಾಗ. ಬೇವಿನ ಮರದಡಿ ಮಲಗಿದ್ದವರ ಕಥೆ ಇದೇ. ಕುಸಿತವನ್ನು ಹೀಗೆ ಶೇಕಡಾ ಲೆಕ್ಕದಲ್ಲೇ ನೋಡಿ. ಸೆಕೆಂಡಿಗೆ ಇಷ್ಟು ವಾಟ್ ಅಂತ ನೋಡುವ ಪದ್ಧತಿಯೂ ಇದೆ, ಅದರಲ್ಲಿ ಗಾತ್ರ ದೊಡ್ಡದಿರುವವರೇ ಯಾವಾಗಲೂ ಹೆಚ್ಚು ಸುಸ್ತಾದಂತೆ ಕಾಣುತ್ತಾರೆ.

ಅಂತರ ಬಂದದ್ದೆಲ್ಲಿಂದ

ಮುಖ್ಯವಾಗಿ ಸ್ನಾಯುವಿನ ರಾಶಿಯಿಂದ. 2000ನೇ ಇಸವಿಯಲ್ಲಿ ಪ್ರಕಟವಾದ, 468 ಜನರನ್ನು ಎಂಆರ್‌ಐ ಮಾಡಿ ನೋಡಿದ ಅಧ್ಯಯನದಲ್ಲಿ ಗಂಡಸರ ಸ್ನಾಯು ಸರಾಸರಿ 33 ಕೆ.ಜಿ., ಹೆಂಗಸರದು 21. ಮೈತೂಕದ ಪಾಲಾಗಿ ನೋಡಿದರೆ ನೂರಕ್ಕೆ ಸುಮಾರು 38 ಮತ್ತು 31. ಅಂತರ ಎಲ್ಲ ಕಡೆಯೂ ಒಂದೇ ಅಲ್ಲ, ಕಾಲಿಗಿಂತ ತೋಳು, ಭುಜ, ಎದೆಯಲ್ಲಿ ಹೆಚ್ಚು. ತರಬೇತಿ ಬರೆಯುವಾಗ ಈ ಮಾತು ಬೇಕಾಗುತ್ತದೆ. ಆಮೇಲೆ, ಬೇಗ ಸೆಟೆದು ಬೇಗ ದಣಿಯುವ ಎಳೆಗಳು ಗಂಡಸರಲ್ಲಿ ಹೆಚ್ಚು ದಪ್ಪ. ಗ್ಲೈಕೋಜನ್ ಒಡೆಯುವ ಕಿಣ್ವಗಳ ಚಟುವಟಿಕೆಯೂ ಅವರಲ್ಲಿ ಹೆಚ್ಚು. ಉರಿ ಜೋರು, ಹೊಗೆಯೂ ಜೋರು. ಹೆಂಗಸರ ಸ್ನಾಯುವಿನಲ್ಲಿ ನಿಧಾನದ ಎಳೆಗಳ ಪಾಲು ಹೆಚ್ಚಿರುವುದರಿಂದ ಹೊಗೆ ಕಡಿಮೆ, ನಡುವಿನ ಬಿಡುವಿನಲ್ಲಿ ಸುಧಾರಿಸಿಕೊಳ್ಳುವುದು ಬೇಗ. ಇದರಲ್ಲಿ ಒಂದು ಪಾಲು ಮೊದಲ ಓಟವೇ ಕಡಿಮೆ ಜೋರಿನದು ಅನ್ನುವುದರಿಂದಲೂ ಬರುತ್ತದೆ. ಮೊದಲ ಓಟದ ಕಸುವು ಸಮ ಇರುವ ಗಂಡು ಹೆಣ್ಣನ್ನು ಹೋಲಿಸಿದರೆ ಸುಸ್ತಿನ ವ್ಯತ್ಯಾಸ ಬಹಳ ತಗ್ಗುತ್ತದೆ. “ಹೆಣ್ಮಕ್ಳಿಗೆ ಸುಸ್ತೇ ಆಗಲ್ಲ” ಅಂತ ಈಗ ಇನ್ನೊಂದು ಕಡೆಗೆ ವಾಲುವವರಿಗೆ ಈ ಮಾತು.

ಇದೆಲ್ಲ ಶುರುವಾಗುವುದು ಮೈನೆರೆಯುವ ವಯಸ್ಸಿನಲ್ಲಿ, ಹುಡುಗರಲ್ಲಿ ಟೆಸ್ಟೋಸ್ಟಿರೋನ್ ಅನ್ನುವ ಹಾರ್ಮೋನು ಏರಿದ ಮೇಲೆ. ಅದಕ್ಕೆ ಮುಂಚೆ ವ್ಯತ್ಯಾಸ ಅತ್ಯಲ್ಪ. ಐದನೇ ಕ್ಲಾಸಿನ ಮಕ್ಕಳಿಗೆ ಬೇರೆ ಬೇರೆ ತರಬೇತಿ ಬರೆಯುವವರು ಸುಮ್ಮನೆ ಕಾಗದ ಹಾಳುಮಾಡುತ್ತಿದ್ದಾರೆ.

ಶಿಖರದಲ್ಲಿರುವವರನ್ನು ನೋಡಿ. 100 ಮೀಟರಿನ ವಿಶ್ವದಾಖಲೆ ಉಸೇನ್ ಬೋಲ್ಟ್ 2009ರಲ್ಲಿ ಓಡಿದ 9.58, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ ಓಡಿದ 10.49. ಗಡಿಯಾರದ ಪ್ರಕಾರ ನೂರಕ್ಕೆ ಒಂಬತ್ತೂವರೆ ಅಂತರ. ಅದನ್ನೇ ಮೇಲಿನ ಸೂತ್ರದಂತೆ ಮೂರು ಸಲ ಗುಣಿಸಿದರೆ ಕೆ.ಜಿ.ಗೆ ಬೀಳುವ ಕಸುವಿನಲ್ಲಿ ನೂರಕ್ಕೆ 24ರಷ್ಟು ಅಂತರ. ಉದ್ದಜಿಗಿತದಲ್ಲಿ 8.95 ಮತ್ತು 7.52 ಮೀಟರ್, ಅಂದರೆ ನೂರಕ್ಕೆ 16. ಯಾರಾದರೂ “ಇಷ್ಟು ಪರ್ಸೆಂಟು ಕಡಿಮೆ” ಅಂದರೆ ಯಾವುದರಲ್ಲಿ, ಯಾವುದರಿಂದ ಭಾಗಿಸಿ ಅಂತ ಕೇಳದೆ ಬಿಡಬೇಡಿ.

ಹೆಜ್ಜೆ 5: ಎಂಟು ವಾರದ ತರಬೇತಿ

ಶೇಕಡಾ ಲೆಕ್ಕದಲ್ಲಿ ಗಂಡೂ ಹೆಣ್ಣೂ ಹೆಚ್ಚುಕಡಿಮೆ ಸಮವಾಗಿಯೇ ಸುಧಾರಿಸುತ್ತಾರೆ. ಆದ್ದರಿಂದ ಪಟ್ಟಿ ಒಂದೇ, ಬಿಡುವು ಮತ್ತು ಒತ್ತು ಬೇರೆ. ವಾರಕ್ಕೆ ಎರಡು ದಿನ ಓಟ, ಎರಡು ದಿನ ಭಾರ, ನಡುವೆ ಒಂದಾದರೂ ದಿನ ಬರೀ ಆಟ.

ಒಂದು ಓಟದ ದಿನ ಗರಿಗೆ: 30 ಮೀಟರ್, ಆರರಿಂದ ಎಂಟು ಸಲ, ನಡುವೆ ಎರಡರಿಂದ ಮೂರು ನಿಮಿಷ. ಇಲ್ಲಿ ಬಿಡುವು ಕಡಿತ ಮಾಡುವುದೇ ಎಲ್ಲ ಮೇಷ್ಟ್ರುಗಳ ಚಾಳಿ. ಖಾಲಿಯಾದ ಫಾಸ್ಫೋಕ್ರಿಯಾಟಿನ್ ಅರ್ಧ ತುಂಬಲು ಅರ್ಧ ನಿಮಿಷ ಸಾಕು, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಬಿಡುವು ಕೊಡದಿದ್ದರೆ ನೀವು ವೇಗ ಕಲಿಸುತ್ತಿಲ್ಲ, ಸುಸ್ತು ಕಲಿಸುತ್ತಿದ್ದೀರಿ.

ಇನ್ನೊಂದು ಓಟದ ದಿನ ಚಿಪ್ಪಿಗೆ: 30 ಸೆಕೆಂಡು ಪೂರ್ತಿ ಜೋರು, ನಾಲ್ಕು ನಿಮಿಷ ನಿಧಾನ ನಡಿಗೆ, ಹೀಗೆ ನಾಲ್ಕು ಸಲ. ಮೊದಲ ವಾರ ಎರಡೇ ಸಾಕು. ಪ್ರತಿಸಲ ಎಷ್ಟು ದೂರ ಹೋದರು ಅಂತ ಕೋನು ಇಟ್ಟು ಗುರುತು ಮಾಡಿ. ನನ್ನ ರೂಢಿ ಹೀಗಿದೆ: ಕೊನೆಯದು ಮೊದಲನೆಯದರ ನೂರಕ್ಕೆ 95ರಷ್ಟಾದರೂ ಬಂದರೆ ಮುಂದಿನ ವಾರ ಬಿಡುವಿನಲ್ಲಿ ಅರ್ಧ ನಿಮಿಷ ಕಡಿಮೆ ಮಾಡುತ್ತೇನೆ, ಇಲ್ಲವೇ ಒಂದು ಸಲ ಸೇರಿಸುತ್ತೇನೆ. 80ಕ್ಕಿಂತ ಕೆಳಗಿಳಿದರೆ ಬಿಡುವು ಹೆಚ್ಚಿಸುತ್ತೇನೆ. ಹುಡುಗಿ ಹುಡುಗ ಅಂತ ನೋಡುವುದಿಲ್ಲ, ಕೋನು ಹೇಳಿದಂತೆ. ಹೀಗೆ ಮಾಡಿದಾಗ ಬಿಡುವು ಮೊದಲು ತಗ್ಗುವುದು ಸಾಮಾನ್ಯವಾಗಿ ಹುಡುಗಿಯರ ಕಡೆಯಲ್ಲೇ.

ಭಾರದ ದಿನ ಇಬ್ಬರಿಗೂ ಬಸ್ಕಿ, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು), ನೂಕುವುದು, ಎಳೆಯುವುದು. ಅವರವರ ಗರಿಷ್ಠ ಭಾರದ ಶೇಕಡಾವಾರು ಹಿಡಿದು ಕೊಡಿ. ಒಂದೇ ಶೇಕಡಾ ಭಾರಕ್ಕೆ ಹುಡುಗಿಯರು ಹೆಚ್ಚಾಗಿ ಒಂದೆರಡು ಸಲ ಜಾಸ್ತಿಯೇ ಎತ್ತುತ್ತಾರೆ, ತಡೆಯಬೇಡಿ. ದೊಡ್ಡ ಅಂತರ ತೋಳು, ಭುಜ, ಎದೆಯಲ್ಲಿ ಅಂತ ಹೇಳಿದೆನಲ್ಲ, ಹುಡುಗಿಯರಿಗೆ ಎಳೆಯುವ ಕೆಲಸ ಒಂದು ಸುತ್ತು ಹೆಚ್ಚಿರಲಿ. ನಮ್ಮ ಕಡೆಯ ಎಷ್ಟೋ ಹುಡುಗಿಯರು ಕಬ್ಬಿನ ಹೊರೆ, ಹುಲ್ಲಿನ ಹೊರೆ ತಲೆಗೇರಿಸಿಕೊಂಡವರೇ, ಆದರೂ ಕಂಬಿ ಹಿಡಿದು ಜೋತು ಮೈ ಎತ್ತು ಅಂದರೆ ನಾಚುತ್ತಾರೆ. ಅದಕ್ಕೆ ಕಾರಣ ಅಭ್ಯಾಸ ತಪ್ಪಿರುವುದು. ಮೈಸೂರಿನ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಜೋಡಿಗಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ನಾಚಿಕೆ ತಾನಾಗಿ ಹೋಗುತ್ತದೆ.

ಎಗರಿ ಇಳಿಯುವುದನ್ನು ಹುಡುಗಿಯರಿಗೆ ಬಿಡಿಸಿ ಕಲಿಸಿ. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಕಟ್ಟು, ಅಂದರೆ ಎಸಿಎಲ್, ಹರಿಯುವ ಅಪಾಯ ಅವರಿಗೆ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಒಂದಡಿ ಎತ್ತರದ ಕಟ್ಟೆಯಿಂದ ಧುಮುಕಿಸಿ ಎದುರಿನಿಂದ ವಿಡಿಯೊ ತೆಗೆಯಿರಿ. ಮಂಡಿಗಳು ಒಳಕ್ಕೆ ಒಂದಕ್ಕೊಂದು ಹತ್ತಿರ ಬಂದರೆ ಅವತ್ತು ಓಟ ಬಿಟ್ಟು ಬರೀ ಇಳಿಯುವುದನ್ನೇ ಮಾಡಿಸಿ. ಮಂಡಿ ಬೆರಳಿನ ನೇರಕ್ಕೆ, ಪೃಷ್ಠ ಹಿಂದಕ್ಕೆ, ಸದ್ದಿಲ್ಲದೆ ಇಳಿಯಬೇಕು.

ಮುಟ್ಟು, ರಕ್ತ, ಊಟ

ಮುಟ್ಟಿನ ಯಾವ ವಾರದಲ್ಲಿ ಕಸುವು ಹೆಚ್ಚು ಅಂತ ಕ್ಯಾಲೆಂಡರು ಮಾರುವವರಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಗುವ ಸರಾಸರಿ ವ್ಯತ್ಯಾಸ ತೀರಾ ಸಣ್ಣದು. ಒಬ್ಬೊಬ್ಬರ ಮೈ ಮಾತ್ರ ಒಂದೊಂದು ಥರ. ನನ್ನ ಹತ್ತಿರ ಯಾರೂ ದಿನಾಂಕ ಹೇಳಬೇಕಿಲ್ಲ. ಅವರವರ ಪುಸ್ತಕದಲ್ಲಿ ಅವರೇ ಬರೆದುಕೊಳ್ಳುತ್ತಾರೆ, ನನಗೆ ಹೇಳುವುದು ಒಂದರಿಂದ ಐದರೊಳಗೆ ಇವತ್ತಿನ ಮೈ ಹೇಗಿದೆ ಅನ್ನುವ ಅಂಕಿ ಮಾತ್ರ. ಒಂದು ಅಂದರೆ ಅವತ್ತು ಓಟವಿಲ್ಲ, ಪ್ರಶ್ನೆಯೂ ಇಲ್ಲ. ಮೂರು ತಿಂಗಳು ಮುಟ್ಟು ನಿಂತರೆ ಡಾಕ್ಟರ ಬಳಿ ಹೋಗಲೇಬೇಕು. ತರಬೇತಿಗೆ ತಕ್ಕಷ್ಟು ತಿನ್ನದಿರುವುದೂ ಅದಕ್ಕೆ ಒಂದು ಕಾರಣ.

ಹಿಮೋಗ್ಲೋಬಿನ್ ನೋಡಿಸಿ. 100 ಮಿ.ಲೀ. ರಕ್ತದಲ್ಲಿ ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ, ಗಂಡಸರಲ್ಲಿ 25 ಜನರಿಗೆ ಇದು ಇದೆ. ಜಿಗಿತದಲ್ಲಿ ಇದರ ಸುಳಿವು ಸಿಗುವುದಿಲ್ಲ, ಅಲ್ಲಿ ಆಮ್ಲಜನಕದ ಕೆಲಸವಿಲ್ಲ. ಆದರೆ ಓಟಗಳ ನಡುವೆ ಸುಧಾರಿಸಿಕೊಳ್ಳುವುದು ಆಮ್ಲಜನಕದಿಂದಲೇ. ಜಿಗಿತ ಚೆನ್ನಾಗಿದ್ದು ನಾಲ್ಕು, ಐದು, ಆರನೆಯ ಓಟ ದಿಢೀರನೆ ಬಿದ್ದುಹೋಗುವ ಹುಡುಗಿ ಕಂಡರೆ ನಾನು ಬೈಯುವುದಿಲ್ಲ, ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ಊಟದ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಊಟದ ಜೊತೆ ಟೀ ಬೇಡ, ಸೊಪ್ಪಿನ ಸಾರಿಗೆ ನಿಂಬೆಹುಳಿ ಇರಲಿ, ಹುರುಳಿಕಾಳು, ಮೊಟ್ಟೆ, ತಿನ್ನುವವರಿಗೆ ಮಾಂಸ. ಮಾತ್ರೆ ಬೇಕೋ ಬೇಡವೋ ಡಾಕ್ಟರ್ ಹೇಳಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ ಹಿಡಿದು ಬರುವ ಹುಡುಗಿಯರಿಗೆ ಎರಡು ಬಾಳೆಹಣ್ಣಾದರೂ ಸಿಗುವಂತೆ ನೋಡಿಕೊಳ್ಳಿ.

ಹೆಜ್ಜೆ 6: ಮತ್ತೆ ಅಳೆಯುವುದು

ಎಂಟು ವಾರವಾದ ಮೇಲೆ ಅದೇ ಮೈದಾನ, ಅದೇ ಬೂಟು, ಅದೇ ತಕ್ಕಡಿ, ಅದೇ ಹೊತ್ತು. ಕಸುವು ಬೆಳಿಗ್ಗೆಗಿಂತ ಸಂಜೆ ಹೆಚ್ಚಿರುವುದು ಸಹಜ. ಬೆಳಗಿನ ಆರಕ್ಕೆ ಅಳೆದು ಸಂಜೆ ಐದಕ್ಕೆ ಮತ್ತೆ ಅಳೆದು ತರಬೇತಿ ಫಲಿಸಿತು ಅಂತ ಬೀಗಬೇಡಿ. ಹಿಂದಿನ ಎರಡು ದಿನ ಭಾರಿ ತರಬೇತಿ ಬೇಡ. ಮಳೆ ಬಂದು ನೆಲ ಹಸಿಯಾಗಿದ್ದರೆ ಮುಂದೂಡಿ, ಒದ್ದೆ ಕೆಂಪುಮಣ್ಣಿನಲ್ಲಿ ಓಡಿ ಬಂದ ಸಮಯ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ: ತೂಕ, ಕೊಬ್ಬು ಕಳೆದ ತೂಕ, ಜಿಗಿತ, ಆರು ಸಮಯ, ಕುಸಿತದ ಶೇಕಡಾ. ಎಡಗಡೆ ಹಳೆಯದು, ಬಲಗಡೆ ಹೊಸದು. ನಾನು ಹುಡುಗರದೂ ಹುಡುಗಿಯರದೂ ಬೇರೆ ಬೇರೆ ಪುಸ್ತಕ ಇಟ್ಟಿದ್ದವನು ಈಗ ಒಂದೇ ಮಾಡಿದ್ದೇನೆ. ಮೊನ್ನೆ ಆ ಪಾಂಡವಪುರದ ಹುಡುಗಿ ಪುಟ ತಿರುಗಿಸಿ ಹುಡುಗರ ಕುಸಿತದ ಅಂಕಿಯನ್ನೆಲ್ಲ ಜೋರಾಗಿ ಓದಿ ಹೇಳಿದಳು. ನಮ್ಮ ಮುಖ್ಯ ರೈಡರು ಬಂದು, “ಸಾ, ನಮಗೂವೆ ಬಿಡುವು ಕಮ್ಮಿ ಮಾಡಿ” ಅಂದ. ಮಾಡಿಲ್ಲ. ಅವನ ಕೋನು ಇನ್ನೂ 78ರಲ್ಲೇ ಇದೆ.